ಉಸಿರಿನ ಋಣ



ದೇಹಧಾರಿಯಾದ ಮಾನವನು ಅನ್ನವಿಲ್ಲದೆ ಕೆಲವು ವಾರಗಳನ್ನು ಕಳೆದಾನು. ನೀರಿಲ್ಲದೆ ಕೆಲವು ದಿನಗಳನ್ನು ಕಳೆದಾನು. ಉಸಿರಿಲ್ಲದೆ ಕೆಲವು ನಿಮಿಷಗಳನ್ನೂ ಕಳೆಯಲಾರನು. ಆದರೂ ನಾವು ಅನ್ನವನ್ನು ನೆನೆಯುವಷ್ಟು ಉಸಿರನ್ನು ನೆನೆಯುವುದಿಲ್ಲ. ಅನ್ನಕ್ಕಾಗಿ ದುಡಿಯಬೇಕು, ನೀರಿಗಾಗಿ ನಡೆಯಬೇಕು. ಉಸಿರಾದರೋ ಕೇಳದೆಯೇ ಬರುವ ದಾನ. ಕೇಳದೆ ಬಂದುದರ ಬೆಲೆ ಅದು ನಿಲ್ಲುವ ಹೊತ್ತಿನಲ್ಲಿ ಮಾತ್ರ ತಿಳಿಯುತ್ತದೆ. ೨೦೨೦ ಮತ್ತು ೨೦೨೧ನೆಯ ಇಸವಿಗಳಲ್ಲಿ ಇಡೀ ಜಗತ್ತು ಈ ಬೆಲೆಯನ್ನು ಕಲಿಯಬೇಕಾಯಿತು. ಭಾರತದಲ್ಲಿ ಕೋವಿಡ್ ರೋಗಕ್ಕೆ ಮೊದಲು ಬಲಿಯಾದವರು ನಮ್ಮ ಕಲಬುರಗಿಯ ವೃದ್ಧರೊಬ್ಬರು ಎಂಬುದನ್ನು ಈ ನಾಡಿನವರಾದ ನಾವು ಮರೆಯುವಂತಿಲ್ಲ.

"ಆ ಕಾಲ ಮುಗಿಯಿತು, ಈಗೇಕೆ ಆ ಮಾತು?" ಎಂದು ತಾವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರ ಮೇ ೫ರಂದೇ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿದೆ, ನಿಜ. ಆದರೆ ಭಯವಿದ್ದಾಗ ವಿಚಾರಕ್ಕೆ ಬಿಡುವಿರಲಿಲ್ಲ. ಭಯ ತೊಲಗಿದ ಮೇಲೂ ವಿಚಾರ ಮಾಡದಿದ್ದರೆ ಪಟ್ಟ ಪಾಡೆಲ್ಲವೂ ವ್ಯರ್ಥವಾಗುತ್ತದೆ. ಆ ಕಾಲವು ನಮ್ಮ ಮುಂದೆ ಇಟ್ಟುಹೋದ ಒಂದು ಧರ್ಮಸೂಕ್ಷ್ಮವಿದೆ. ಒಬ್ಬನ ಪ್ರಾಣವನ್ನು ಉಳಿಸುವುದಕ್ಕಾಗಿ ಮತ್ತೊಬ್ಬನು ತನ್ನ ಪ್ರಾಣವನ್ನು ಎಷ್ಟರಮಟ್ಟಿಗೆ ಒಡ್ಡಬೇಕು? "ಸ್ವಲ್ಪ ತಡೆಯೋಣ" ಎಂಬ ಮಾತು ಎಲ್ಲಿಯವರೆಗೆ ವಿವೇಕ, ಎಲ್ಲಿಂದ ಮುಂದೆ ಹೇಡಿತನ? ಈ ಪ್ರಶ್ನೆಯನ್ನು ಬರಿಯ ಮಾತಿನಲ್ಲಿ ಎತ್ತಿದರೆ ಬರಿಯ ಮಾತಿನಲ್ಲೇ ಮುಗಿಯುತ್ತದೆ. ಆದುದರಿಂದ ಒಂದು ಚಿಕ್ಕ ಶಸ್ತ್ರಚಿಕಿತ್ಸೆಯನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಕೋವಿಡ್ ರೋಗವು ಶ್ವಾಸಕೋಶಗಳನ್ನು ಆಳವಾಗಿ ಕೆಡಿಸಿದಾಗ ರೋಗಿಯು ತಾನಾಗಿ ಉಸಿರಾಡಲಾರನು. ಆಗ ವೈದ್ಯರು ಬಾಯಿಯ ಮೂಲಕ, ಧ್ವನಿತಂತುಗಳ ನಡುವೆ ಹಾಯಿಸಿ, ಶ್ವಾಸನಾಳದೊಳಕ್ಕೆ ಕೊಳವೆಯೊಂದನ್ನು ಇಳಿಸಿ, ಅದನ್ನು ವೆಂಟಿಲೇಟರ್ ಎಂಬ ಯಂತ್ರಕ್ಕೆ ಜೋಡಿಸುತ್ತಾರೆ. ಎಚ್ಚರವಾಗಿರುವ ಮನುಷ್ಯನು ಆ ಕೊಳವೆಯನ್ನು ಸಹಿಸುವುದು ಕಷ್ಟ; ಆದುದರಿಂದ ಅವನನ್ನು ಔಷಧದಿಂದ ಮಂಪರಿನಲ್ಲಿ ಇಡಬೇಕಾಗುತ್ತದೆ. ದಿನಗಳು ವಾರಗಳಾದಂತೆ ಕೊಳವೆಯ ಒತ್ತಡದಿಂದ ಧ್ವನಿಪೆಟ್ಟಿಗೆಗೆ ಗಾಯವಾಗಬಹುದು. ಕಫ ಕಟ್ಟಿ ಹೊಸ ಸೋಂಕು ತಗಲಬಹುದು. ಮಲಗಿದಲ್ಲಿಯೇ ಮೈಯ ಮಾಂಸ ಕರಗುತ್ತ ಹೋಗುತ್ತದೆ.

ಇಂತಹ ಸಂದರ್ಭದಲ್ಲಿ ಮಾಡುವ ಚಿಕಿತ್ಸೆಗೆ ಟ್ರೇಕಿಯಾಸ್ಟಮಿ ಎಂದು ಹೆಸರು. ನಾವು ಶಿವದಾರವನ್ನು ಧರಿಸುವ ಕೊರಳಿನಲ್ಲಿಯೇ, ಗಂಟಲಿನ ಉಬ್ಬಿಗಿಂತ ಕೆಳಗೆ, ಶ್ವಾಸನಾಳದ ಉಂಗುರಗಳ ನಡುವೆ ಒಂದು ರಂಧ್ರವನ್ನು ಮಾಡಿ ಅದರೊಳಗೆ ಗಿಡ್ಡ ಕೊಳವೆಯನ್ನು ಇರಿಸುತ್ತಾರೆ. ಬಾಯಿ ಬಿಡುಗಡೆಯಾಗುತ್ತದೆ. ಮಂಪರಿನ ಔಷಧವನ್ನು ಕಡಿಮೆ ಮಾಡಬಹುದು. ಕಫವನ್ನು ಸುಲಭವಾಗಿ ಹೀರಿ ತೆಗೆಯಬಹುದು. ರೋಗಿಯನ್ನು ಯಂತ್ರದಿಂದ ಮೆಲ್ಲಮೆಲ್ಲನೆ ಬಿಡಿಸಿ, ತನ್ನ ಉಸಿರನ್ನು ತಾನೇ ಆಡಲು ಮತ್ತೆ ಕಲಿಸಬಹುದು. ಇದು ಬಹು ಪ್ರಾಚೀನವಾದ ಉಪಾಯ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಶೆವಲಿಯರ್ ಜಾಕ್ಸನ್ ಎಂಬ ವೈದ್ಯನು ಇದಕ್ಕೆ ಕ್ರಮಬದ್ಧವಾದ ರೀತಿಯನ್ನು ಹಾಕಿಕೊಟ್ಟನು. ೧೯೮೫ರಲ್ಲಿ, ದೊಡ್ಡ ಗಾಯ ಮಾಡದೆ ರಂಧ್ರವನ್ನು ಕ್ರಮೇಣ ಹಿಗ್ಗಿಸಿ ಹಾಸಿಗೆಯ ಬಳಿಯಲ್ಲಿಯೇ ಮಾಡಬಹುದಾದ ಇನ್ನೊಂದು ರೀತಿಯೂ ಬಂದಿತು. ಅನುಭವಿಗಳ ಕೈಯಲ್ಲಿ ಇದು ನಿತ್ಯದ ಕೆಲಸ.

ಆದರೆ ಕೋವಿಡ್ ಕಾಲದಲ್ಲಿ ಈ ನಿತ್ಯದ ಕೆಲಸವೇ ಭಯದ ಕೆಲಸವಾಯಿತು. ಶ್ವಾಸನಾಳವನ್ನು ತೆರೆದ ಕ್ಷಣದಲ್ಲಿ ರೋಗಿಯ ಉಸಿರು ನೇರವಾಗಿ, ಶಸ್ತ್ರ ಹಿಡಿದವರ ಮುಖದ ಕೆಲವೇ ಅಂಗುಲಗಳ ದೂರದಲ್ಲಿ ಹೊರಬರುತ್ತದೆ. ಆ ಉಸಿರಿನಲ್ಲಿ ರೋಗಾಣುಗಳಿವೆ. ೨೦೦೩ರ ಸಾರ್ಸ್ ರೋಗದ ನೆನಪು ವೈದ್ಯರಲ್ಲಿ ಮಾಸಿರಲಿಲ್ಲ. ಆ ರೋಗ ತಗಲಿದವರು ೮,೦೯೬ ಮಂದಿ, ಮಡಿದವರು ೭೭೪ ಮಂದಿ; ರೋಗ ತಗಲಿದವರಲ್ಲಿ ಸುಮಾರು ಐದನೆಯ ಒಂದು ಪಾಲು ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುತ್ತಿದ್ದವರೇ. ಗಂಟಲಿಗೆ ಕೊಳವೆ ಇಳಿಸುವ, ಶ್ವಾಸನಾಳವನ್ನು ತೆರೆಯುವ ಕೆಲಸಗಳಲ್ಲಿ ತೊಡಗಿದವರಿಗೆ ಅಪಾಯ ಹೆಚ್ಚೆಂದು ಆಗಲೇ ಕಂಡುಬಂದಿತ್ತು. ಆದುದರಿಂದ ೨೦೨೦ರ ಮೊದಲ ತಿಂಗಳುಗಳಲ್ಲಿ ಹಲವು ದೇಶಗಳ ವೈದ್ಯಮಂಡಲಿಗಳು ಈ ಚಿಕಿತ್ಸೆಯನ್ನು ಹದಿನಾಲ್ಕು ದಿನ, ಕೆಲವರು ಇಪ್ಪತ್ತೊಂದು ದಿನ, ಮುಂದೂಡಿರೆಂದು ಸೂಚಿಸಿದವು. ಒಂದು ಕಡೆ ಮಂಪರಿನಲ್ಲಿ ಮಲಗಿದ ಜೀವ; ಇನ್ನೊಂದು ಕಡೆ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದ ವೈದ್ಯ, ದಾದಿ. ಯಾರ ಉಸಿರಿಗೆ ಯಾರು ಹೊಣೆ?

ಇಲ್ಲಿ ಎರಡು ವಾದಗಳು ಹುಟ್ಟುತ್ತವೆ. ಮೊದಲನೆಯ ವಾದಿ ಹೇಳುತ್ತಾನೆ: "ಕಾಯಕವನ್ನು ಒಪ್ಪಿಕೊಂಡವನು ಅದರ ಅಪಾಯವನ್ನೂ ಒಪ್ಪಿಕೊಂಡಿದ್ದಾನೆ. ಪ್ರಾಣದಾಸೆಯಿಂದ ಕೈ ಹಿಂತೆಗೆದರೆ ಅದು ಕಾಯಕವಲ್ಲ, ವ್ಯಾಪಾರ." ಎರಡನೆಯವನು ಹೇಳುತ್ತಾನೆ: "ಒಬ್ಬ ವೈದ್ಯನು ಮಲಗಿದರೆ ನೂರು ರೋಗಿಗಳು ಅನಾಥರಾಗುತ್ತಾರೆ. ತನ್ನನ್ನು ಕಾಯ್ದುಕೊಳ್ಳುವುದು ಸ್ವಾರ್ಥವಲ್ಲ, ಲೋಕಹಿತ." ಎರಡು ಮಾತುಗಳಲ್ಲಿಯೂ ಸತ್ಯವಿದೆ; ಹಾಗೆಯೇ ಎರಡರ ಹಿಂದೆಯೂ ಅಸತ್ಯ ಅಡಗಿ ಕುಳಿತಿರಬಹುದು. ಮೊದಲನೆಯದು ಸಾಮಾನ್ಯವಾಗಿ ಅಪಾಯದಿಂದ ದೂರವಿರುವವರ ಬಾಯಿಂದ ಬರುತ್ತದೆ. ಅನ್ಯರ ಪ್ರಾಣವನ್ನು ಧಾರಾಳವಾಗಿ ಅರ್ಪಿಸುವ ಈ ಔದಾರ್ಯವು ಪುಣ್ಯವೆನಿಸದು. ಎರಡನೆಯದು ಭಯಕ್ಕೆ ಒಳ್ಳೆಯ ಉಡುಪಾಗಬಲ್ಲದು. ಹೆದರಿದ ಮನಸ್ಸು ತಾನು ಹೆದರಿದೆನೆಂದು ಎಂದೂ ಒಪ್ಪುವುದಿಲ್ಲ. "ವಿವೇಕದಿಂದ ನಡೆದುಕೊಂಡೆ" ಎನ್ನುತ್ತದೆ.

ಹಾಗಾದರೆ ವಿವೇಕವನ್ನೂ ಭಯವನ್ನೂ ಬೇರ್ಪಡಿಸುವ ಒರೆಗಲ್ಲು ಯಾವುದು? ಶರಣರ ಸಮೂಹದಲ್ಲಿ ಅಂಬಿಗರ ಚೌಡಯ್ಯನಂತಹ ದೋಣಿ ನಡೆಸುವ ಕಾಯಕದವರೂ ಇದ್ದರಷ್ಟೆ. ಆ ಕಾಯಕವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಹೊಳೆಗೆ ಪ್ರವಾಹ ಬಂದಿದೆ. ಆಚೆಯ ದಡದಲ್ಲಿ ಜನ ಕೂಗುತ್ತಿದ್ದಾರೆ. ಒಬ್ಬ ಅಂಬಿಗನು ಹಿಂದುಮುಂದು ನೋಡದೆ ದೋಣಿಯನ್ನು ನೂಕಿ ನಡುನೀರಿನಲ್ಲಿ ಮುಳುಗುತ್ತಾನೆ. ಅವನ ಧೈರ್ಯಕ್ಕೆ ಕೈಮುಗಿಯೋಣ, ಆದರೆ ಆಚೆಯ ದಡದವರು ಆಚೆಯೇ ಉಳಿದರು. ಇನ್ನೊಬ್ಬನು ಗುಡಿಸಲಿನ ಬಾಗಿಲು ಹಾಕಿಕೊಂಡು "ನೀರಿಳಿಯಲಿ" ಎಂದು ಮಲಗುತ್ತಾನೆ. ಮೂರನೆಯವನೂ ತಡೆಯುತ್ತಾನೆ, ಆದರೆ ದಡದಲ್ಲಿ ನಿಂತು ತಡೆಯುತ್ತಾನೆ. ನೀರಿನ ಸೆಳೆತವನ್ನು ನೋಡುತ್ತಾನೆ, ದೋಣಿಯ ಬಿರುಕನ್ನು ಮುಚ್ಚುತ್ತಾನೆ, ಹಗ್ಗವನ್ನು ಹೊಸೆಯುತ್ತಾನೆ, ಇಳಿಯಲು ಸಾಧ್ಯವಾದ ಮೊದಲ ಗಳಿಗೆಯಲ್ಲಿಯೇ ಇಳಿಯುತ್ತಾನೆ. ಎರಡನೆಯವನೂ ಮೂರನೆಯವನೂ ತಡೆದವರೇ. ಆದರೆ ತಡೆದ ಹೊತ್ತಿನಲ್ಲಿ ಒಬ್ಬನು ಆಚೆಯ ದಡವನ್ನು ಮರೆತನು, ಇನ್ನೊಬ್ಬನು ಮರೆಯಲಿಲ್ಲ. ಇದೇ ಒರೆಗಲ್ಲು. ತಡೆಗೆ ಕಾರಣವಾದ ಅಪಾಯವನ್ನು ನಿವಾರಿಸಲು ದುಡಿಯುತ್ತಿರುವವನ ತಡೆಯು ವಿವೇಕ. ಅಪಾಯವನ್ನೇ ನೆಪವಾಗಿ ಹಿಡಿದು ಕುಳಿತವನ ತಡೆಯು ಭಯ.

ಈ ಮೂರನೆಯ ಅಂಬಿಗನನ್ನು ಹೋಲುವ ನಡತೆಗೆ ನಿಜವಾದ ನಿದರ್ಶನ ಬೇಕೆನ್ನುವವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ಕಡೆ ನೋಡಬಹುದು. ೨೦೨೦ರ ಮಾರ್ಚ್ ೯ರಿಂದ ಏಪ್ರಿಲ್ ೨೧ರವರೆಗೆ ಅಲ್ಲಿಯ ತೀವ್ರ ನಿಗಾ ಘಟಕಕ್ಕೆ ೧೬೪ ಕೋವಿಡ್ ರೋಗಿಗಳು ಬಂದರು. ಹಲವು ಮಾರ್ಗಸೂಚಿಗಳು ಬೇಡವೆನ್ನುತ್ತಿದ್ದ ಆ ದಿನಗಳಲ್ಲಿ ಅಲ್ಲಿಯವರು ಇದೇ ಕೆಲಸಕ್ಕೆಂದು ಪ್ರತ್ಯೇಕ ತಂಡವನ್ನು ಕಟ್ಟಿದರು. ಕೊರಳಿನಲ್ಲಿ ಕೊಳವೆಯಿರುವ ರೋಗಿಗಳನ್ನು ನೋಡಿಕೊಳ್ಳುವ ಬಗೆಯನ್ನು ವಾರ್ಡಿನ ಸಿಬ್ಬಂದಿಗೆ ಕಲಿಸಿದರು. ನೂರು ಮಂದಿಗೆ ಈ ಚಿಕಿತ್ಸೆ ಮಾಡಿದರು. ಆ ನೂರರಲ್ಲಿ ೮೫ ಮಂದಿ ಮೂವತ್ತು ದಿನಗಳ ಕೊನೆಗೆ ಬದುಕಿದ್ದರು. ಚಿಕಿತ್ಸೆಗೆ ಒಳಗಾಗದ ೬೪ ಮಂದಿಯಲ್ಲಿ ಬದುಕಿದ್ದವರು ೨೭. ಇವರ ಆರೈಕೆಯಲ್ಲಿ ನೇರವಾಗಿ ತೊಡಗಿದ ಸಿಬ್ಬಂದಿಯಲ್ಲಿ ಒಬ್ಬರಿಗೂ ರೋಗ ತಗಲಲಿಲ್ಲವೆಂದು ಅವರು ವರದಿ ಮಾಡಿದರು.

ಅಪಾಯವನ್ನು ಕಡಿಮೆ ಮಾಡಲು ಅಂದು ವೈದ್ಯಲೋಕ ಕಂಡುಕೊಂಡ ಮಾರ್ಗಗಳು ಅದ್ಭುತವಾದುವೇನಲ್ಲ. ಶ್ವಾಸನಾಳವನ್ನು ತೆರೆಯುವ ಮುನ್ನ ಯಂತ್ರದ ಗಾಳಿಯನ್ನು ಕೆಲವು ಕ್ಷಣ ನಿಲ್ಲಿಸುವುದು. ಕೋಣೆಯಲ್ಲಿ ಅತ್ಯಂತ ಕಡಿಮೆ ಜನರಿರುವುದು. ಅತ್ಯಂತ ಪಳಗಿದ ಕೈಯೇ ಆ ಕೆಲಸವನ್ನು ಮಾಡುವುದು. ಮೈತುಂಬ ರಕ್ಷಾಕವಚ, ಒಳ್ಳೆಯ ಮುಖಗವಸು, ಕಣ್ಣಿನ ಕಾಪು. ಗಮನಿಸಿರಿ, ಇವುಗಳಲ್ಲಿ ಹೆಚ್ಚಿನವು ಶಿಸ್ತು ಮತ್ತು ಸಂಯಮದ ಮಾತುಗಳು. ಇನ್ನೊಂದು ವಿಷಯವೂ ತಿಳಿದುಬಂದಿತು. ಸೋಂಕನ್ನು ಹರಡಬಲ್ಲ ಜೀವಂತ ವೈರಾಣು ರೋಗದ ಮೊದಲ ದಿನಗಳಲ್ಲಿ ಹೆಚ್ಚು. ದಿನ ಕಳೆದಂತೆ ಅದು ಕುಗ್ಗುತ್ತದೆ. ಅಲ್ಲದೆ ರೋಗಿಯನ್ನು ಬೋರಲಾಗಿ ಮಲಗಿಸಿ ಚಿಕಿತ್ಸೆ ನೀಡುವ ದಿನಗಳಲ್ಲಿ ಕೊರಳಿನ ಕೊಳವೆಯು ತೊಡಕಾಗುತ್ತದೆ. ಆದುದರಿಂದ ಕೆಲವು ದಿನ ಕಾಯುವುದು ಸೇವಕನಿಗೂ ಹಿತ, ರೋಗಿಗೂ ಹಿತವಾದ ಸಂದರ್ಭಗಳು ಉಂಟು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ೮೫ ಮತ್ತು ೨೭ ಎಂಬ ಅಂಕೆಗಳನ್ನು ನೋಡಿ, "ಎಲ್ಲರಿಗೂ ಈ ಚಿಕಿತ್ಸೆ ಮಾಡಿದ್ದರೆ ಎಲ್ಲರೂ ಉಳಿಯುತ್ತಿದ್ದರು" ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಜಾತ್ರೆಯ ದಿನ ಬೆಟ್ಟದ ತುದಿಯಲ್ಲಿ ಕಾಣುವವರೆಲ್ಲ ಗಟ್ಟಿಮುಟ್ಟಾಗಿದ್ದಾರೆ. ಹಾಗೆಂದು ಬೆಟ್ಟ ಹತ್ತಿದುದರಿಂದಲೇ ಅವರು ಗಟ್ಟಿಯಾದರೆನ್ನಬಹುದೆ? ಹತ್ತಲಾರದವರು ಬುಡದಲ್ಲಿಯೇ ಉಳಿದಿದ್ದಾರೆ. ಹಾಗೆಯೇ ಮೊದಲ ದಿನಗಳಲ್ಲಿಯೇ ಮಡಿದವರು ಈ ಚಿಕಿತ್ಸೆಯವರೆಗೆ ತಲುಪಲೇ ಇಲ್ಲ. ತಲುಪಿದವರಲ್ಲಿಯೂ ಉಳಿಯುವ ಭರವಸೆಯಿದ್ದವರನ್ನೇ ವೈದ್ಯರು ಸಹಜವಾಗಿ ಆರಿಸಿಕೊಂಡರು. ಸ್ಪೇನ್ ದೇಶದ ೧೨೦ ಆಸ್ಪತ್ರೆಗಳಲ್ಲಿ ೧,೮೯೦ ಮಂದಿಗೆ ಇದೇ ಚಿಕಿತ್ಸೆಯಾದಾಗ, ಒಂದು ತಿಂಗಳಿನೊಳಗೆ ಯಂತ್ರದ ಹಂಗಿನಿಂದ ಬಿಡುಗಡೆ ಹೊಂದಿದವರು ಸುಮಾರು ಅರ್ಧದಷ್ಟು ಮಾತ್ರ. ಕೋವಿಡ್‌ಗೆ ಮೊದಲೇ, ೨೦೧೩ರಲ್ಲಿ, ಇಂಗ್ಲೆಂಡಿನಿಂದ ಒಂದು ದೊಡ್ಡ ಪರೀಕ್ಷೆಯ ಫಲ ಹೊರಬಂದಿತ್ತು. ಇತರ ಕಾಯಿಲೆಗಳಿಂದ ವೆಂಟಿಲೇಟರಿನ ಮೇಲಿದ್ದ ೯೦೯ ರೋಗಿಗಳಲ್ಲಿ ಕೆಲವರಿಗೆ ನಾಲ್ಕು ದಿನಗಳೊಳಗೆ, ಉಳಿದವರಿಗೆ ಹತ್ತು ದಿನಗಳ ನಂತರ ಅಗತ್ಯ ಕಂಡರೆ ಮಾತ್ರ ಎಂದು ಗೊತ್ತುಮಾಡಲಾಗಿತ್ತು. ಮರಣದ ಪ್ರಮಾಣದಲ್ಲಿ ಹೆಚ್ಚುಕಡಿಮೆಯೇ ಕಾಣಲಿಲ್ಲ. ಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೊನೆಗೂ ಆ ಚಿಕಿತ್ಸೆಯೇ ಆಗಲಿಲ್ಲ!

ಇದರಿಂದ ನಾವು ಕಲಿಯಬೇಕಾದುದು ವಿನಯವನ್ನು. ಒಳ್ಳೆಯ ಉದ್ದೇಶದಿಂದ ಮಾಡಿದ ಕ್ರಿಯೆಯೆಲ್ಲ ಒಳಿತನ್ನೇ ಮಾಡುವುದೆಂಬ ಭ್ರಮೆ ಸೇವಕನಿಗೆ ಇರಬಾರದು. ಕೈಯಾಡಿಸದೆ ಕಾಯುವುದೂ ಒಮ್ಮೊಮ್ಮೆ ಸೇವೆಯೇ. ಫಲ ಒಳ್ಳೆಯದಾದಾಗ "ನನ್ನಿಂದಾಯಿತು" ಎನ್ನದೆ, ಕೆಟ್ಟಾಗ "ವಿಧಿ" ಎನ್ನದೆ, ಎಣಿಸಿ ಬರೆದಿಟ್ಟು ಮುಂದಿನವರಿಗೆ ಒಪ್ಪಿಸುವ ಪ್ರಾಮಾಣಿಕತೆಯು ಕಾಯಕದ ಒಂದು ಅಂಗ.

ಈಗ ಎಪ್ಪತ್ತು ವರ್ಷಗಳಿಗೂ ಹಿಂದಿನ ಒಂದು ಪ್ರಸಂಗವನ್ನು ತಮ್ಮ ಮುಂದೆ ಇಡುತ್ತೇನೆ. ೧೯೫೨ರಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಭೀಕರವಾಗಿ ಹರಡಿತು. ಉಸಿರಾಟದ ಸ್ನಾಯುಗಳಿಗೆ ಪಾರ್ಶ್ವವಾಯು ತಗಲಿದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಆಗಸ್ಟ್ ೨೭ರಂದು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯನು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕೊರಳಿನಲ್ಲಿ ಇದೇ ರಂಧ್ರವನ್ನು ಮಾಡಿಸಿ, ಕೊಳವೆಯನ್ನು ಇರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಅದುಮುತ್ತ ಅವಳಿಗೆ ಉಸಿರು ನೀಡಿದನು. ಹುಡುಗಿ ಉಳಿದಳು. ಆದರೆ ರೋಗಿಗಳು ಹಲವರು. ಅಷ್ಟು ಯಂತ್ರಗಳು ಎಲ್ಲಿವೆ? ಆಗ ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು. ಸುಮಾರು ೧,೫೦೦ ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ, ಹಗಲಿರುಳು, ಹಾಸಿಗೆಯ ಪಕ್ಕದಲ್ಲಿ ಕುಳಿತು ಚೀಲವನ್ನು ಅದುಮಿದರು. ಪೋಲಿಯೊ ಅಂಟುರೋಗವೆಂಬುದು ಅವರಿಗೆ ತಿಳಿದಿತ್ತು. ಮರಣದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಇಂದಿನ ತೀವ್ರ ನಿಗಾ ಘಟಕಗಳು ಹುಟ್ಟಿದುದು ಆ ಹಾಸಿಗೆಗಳ ಪಕ್ಕದಲ್ಲಿ ಎಂದು ವೈದ್ಯಕೀಯ ಇತಿಹಾಸ ಹೇಳುತ್ತದೆ.

ಈ ಪ್ರಸಂಗದಲ್ಲಿ ನನಗೆ ಕಾಣುವುದು ದಾಸೋಹದ ಪೂರ್ಣರೂಪ. ನಮ್ಮ ಹಿರಿಯರು ದಾಸೋಹವನ್ನು ತನು, ಮನ, ಧನ ಎಂದು ಮೂರು ಬಗೆಯಾಗಿ ಹೇಳಿದ್ದಾರೆ. ಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದ ತಮಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಸಿಗೆಯ ಪಕ್ಕದಲ್ಲಿ ಕುಳಿತ ಕೈಗಳದು ತನುದಾಸೋಹ. ಹೀಗೆ ಮಾಡಿದರೆ ಉಳಿಯಬಹುದೆಂದು ಆಲೋಚಿಸಿದ, ಅಪಾಯ ಕಡಿಮೆ ಮಾಡುವ ಕ್ರಮವನ್ನು ಶೋಧಿಸಿದ ಬುದ್ಧಿಯದು ಮನದಾಸೋಹ. ಇವೆರಡಕ್ಕೂ ಬೇಕಾದ ಸಾಧನ ಸಾಮಗ್ರಿಯನ್ನು ಒದಗಿಸಬೇಕಾದ ಸಮಾಜದ್ದು ಧನದಾಸೋಹ. ಈ ಮೂರು ಕೂಡಿದಲ್ಲಿ ಸೇವೆ; ಒಂದು ತಪ್ಪಿದರೆ ಅಪಚಾರ. ದಾದಿಯೊಬ್ಬಳಿಗೆ ಸರಿಯಾದ ಮುಖಗವಸನ್ನೂ ಕೊಡದೆ "ನೀನು ತ್ಯಾಗಮಯಿ" ಎಂದು ಹೊಗಳುವ ಸಮಾಜವು ಅವಳ ತನುವನ್ನು ಕಸಿದುಕೊಂಡು ತನ್ನ ಧನವನ್ನು ಉಳಿಸಿಕೊಂಡಿತು ಎಂದೇ ಅರ್ಥ. ಅರ್ಪಿಸಿಕೊಂಡುದು ಅರ್ಪಣೆ, ಕಿತ್ತುಕೊಂಡುದು ಅರ್ಪಣೆಯಲ್ಲ. ಆದುದರಿಂದ ಮೊದಲು ಎತ್ತಿದ ಪ್ರಶ್ನೆಗೆ ನನ್ನ ಉತ್ತರ ಇದು: ಸೇವಕನು ತನ್ನ ಪ್ರಾಣವನ್ನು ಎಷ್ಟು ಒಡ್ಡಬೇಕೆಂದು ಕೇಳುವ ಅಧಿಕಾರ ನಮಗೆ ಬರುವುದು, ಆ ಅಪಾಯವನ್ನು ಕಡಿಮೆ ಮಾಡಲು ನಾವು ಮಾಡಬೇಕಾದುದೆಲ್ಲವನ್ನೂ ಮಾಡಿದ ಮೇಲೆ. ಅಷ್ಟಾದ ಮೇಲೂ ಉಳಿಯುವ ಅಪಾಯವೇ ಅವನ ಕಾಯಕದ ಪಾಲು. ಅದನ್ನು ಅವನು ತಾನಾಗಿ ಎತ್ತಿಕೊಳ್ಳುತ್ತಾನೆ, ಎತ್ತಿಕೊಂಡಿದ್ದಾನೆ.

ನಾವು ನಮ್ಮ ಪಾಲನ್ನು ಮಾಡಿದೆವೆ? ೨೦೨೦ರ ಮಾರ್ಚ್ ೨೨ರ ಸಂಜೆ ದೇಶವೆಲ್ಲ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿತು. ಅದೇ ದಿನಗಳಲ್ಲಿ ವೈದ್ಯರನ್ನೂ ದಾದಿಯರನ್ನೂ ಬಾಡಿಗೆ ಮನೆ ಬಿಡಿರೆಂದು ಒತ್ತಾಯಿಸಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಅವರ ಮೇಲಿನ ಹಲ್ಲೆಗಳನ್ನು ತಡೆಯಲು ಒಂದು ತಿಂಗಳಾಗುವಷ್ಟರಲ್ಲಿ ಕೇಂದ್ರ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮರುವರ್ಷದ ಎರಡನೆಯ ಅಲೆಯಲ್ಲಿ ಆಮ್ಲಜನಕಕ್ಕೆ ಹಾಹಾಕಾರವೆದ್ದಾಗ, ಅಗತ್ಯವಿಲ್ಲದಿದ್ದರೂ ಸಿಲಿಂಡರುಗಳನ್ನು ಮನೆಯಲ್ಲಿ ಕೂಡಿಟ್ಟವರು ಉಂಟು. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಪತಿಯು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ತಾಯಿ ಆಕೆ. ಅಕ್ಕಿಗೆ ಹೇಳಿದ ಆ ನೀತಿ ಉಸಿರಿಗೆ ಸಲ್ಲುವುದಿಲ್ಲವೆ? ಕೊರಳಿನ ಕೊಳವೆಯಿಂದ ಒಬ್ಬ ರೋಗಿಯು ಕೆಲವು ದಿನ ಮೊದಲೇ ಯಂತ್ರದಿಂದ ಬಿಡುಗಡೆ ಹೊಂದಿದರೆ, ಆ ಯಂತ್ರ, ಆ ಹಾಸಿಗೆ ಹೊರಗೆ ಕಾಯುತ್ತಿರುವ ಇನ್ನೊಬ್ಬನಿಗೆ ದೊರೆಯುತ್ತದೆ. ಅಗತ್ಯ ತೀರಿದೊಡನೆ ಬಿಟ್ಟುಕೊಡುವುದೂ ದಾಸೋಹವೇ.

ಇನ್ನು ರೋಗಿಯ ಕಡೆಯ ಮಾತು. ಕೊರಳಿನಲ್ಲಿ ಕೊಳವೆ ಇರಿಸಿದ ಮೊದಲ ದಿನಗಳಲ್ಲಿ ಗಾಳಿಯು ಧ್ವನಿತಂತುಗಳನ್ನು ಮುಟ್ಟದೆ ಹೋಗುವುದರಿಂದ ರೋಗಿಗೆ ಎಚ್ಚರವಿದ್ದರೂ ಮಾತು ಹೊರಡುವುದಿಲ್ಲ. ತುಟಿ ಅಲುಗುತ್ತದೆ, ದನಿಯಿಲ್ಲ. ಕೋವಿಡ್ ಕಾಲದಲ್ಲಿ ಮನೆಯವರಿಗೂ ಒಳಗೆ ಪ್ರವೇಶವಿರಲಿಲ್ಲ; ಒಪ್ಪಿಗೆಯನ್ನು ಫೋನಿನ ಮೂಲಕ ಪಡೆದ ಸಂದರ್ಭಗಳೇ ಬಹಳ. ಮಾತಿಲ್ಲದವನ ಪರವಾಗಿ ಯಾರು ಮಾತನಾಡಬೇಕು? ಚೇತರಿಕೆಯ ಆಸೆಯಿದ್ದಲ್ಲಿ ಈ ರಂಧ್ರವು ಜೀವಕ್ಕೆ ಬಾಗಿಲು. ಆಸೆ ಪೂರ್ತಿಯಾಗಿ ಅಳಿದಲ್ಲಿ ಅದು ಸಾವನ್ನು ದೀರ್ಘಗೊಳಿಸುವ ಯಾತನೆಯಷ್ಟೇ ಆಗಬಹುದು. ಇಂತಹ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಮಾನ್ಯಮಾಡಿ, ೨೦೨೩ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ೨೦೨೫ರ ಆದಿಯಲ್ಲಿ ಕರ್ನಾಟಕ ಸರ್ಕಾರವು ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಮರಣವನ್ನು ಮಹಾನವಮಿಯೆಂದು ಬಗೆದ ಪರಂಪರೆಯವರಾದ ನಾವು, ಮನೆಯ ಹಿರಿಯರೊಡನೆ ಈ ಮಾತನ್ನು ಆಡಲು ಅಂಜಬೇಕಾಗಿಲ್ಲ. ಆರೋಗ್ಯವಿದ್ದಾಗ ಆಡಿದ ಒಂದು ಮಾತು, ದನಿಯಿಲ್ಲದ ದಿನ ಅವರ ದನಿಯಾದೀತು.

ಚೇತರಿಸಿಕೊಂಡವರಿಗೆ ಕೆಲವು ದಿನಗಳ ಮೇಲೆ ಕೊಳವೆಗೆ ಚಿಕ್ಕದೊಂದು ಕವಾಟವನ್ನು ಜೋಡಿಸುತ್ತಾರೆ. ಆಗ ಹೊರಬರುವ ಗಾಳಿ ಧ್ವನಿತಂತುಗಳನ್ನು ಮತ್ತೆ ಮುಟ್ಟುತ್ತದೆ. ವಾರಗಟ್ಟಲೆ ಮೌನವಾಗಿದ್ದ ರೋಗಿ ಮಾತನಾಡುತ್ತಾನೆ. ಆ ಮೊದಲ ಮಾತಿನ ಹಿಂದೆ ಎಷ್ಟು ಜನರ ಉಸಿರಿದೆ! ಕವಚದೊಳಗೆ ಬೆವರಿದ ದಾದಿಯದು, ನೆಲ ಒರೆಸಿದ ಆಳಿನದು, ಕೋಪನ್‌ಹೇಗನ್ನಿನ ಹಾಸಿಗೆಯ ಪಕ್ಕದಲ್ಲಿ ನಿದ್ದೆಗೆಟ್ಟ ವಿದ್ಯಾರ್ಥಿಯದು. ಉಸಿರು ನನ್ನದೆನ್ನುವ ಅಹಂಕಾರ ಅಲ್ಲಿ ಕರಗುತ್ತದೆ.

ವಾಚಕರೆ, ನಾಳೆ ಬೆಳಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕುಳಿತಾಗ ಒಂದು ನಿಮಿಷ ತಮ್ಮ ಉಸಿರನ್ನೇ ಗಮನಿಸಿರಿ. ಅದು ಋಣ. ಆ ಋಣವನ್ನು ತೀರಿಸುವ ಬಗೆಯೂ ಸಮೀಪದಲ್ಲಿಯೇ ಇದೆ: ತಮ್ಮ ಬೀದಿಯಲ್ಲಿರುವ ದಾದಿಯೊಬ್ಬಳಿಗೆ ಗೌರವ, ತಮ್ಮ ಊರಿನ ಆಸ್ಪತ್ರೆಯಲ್ಲಿ ಏನಿದೆ ಏನಿಲ್ಲವೆಂಬ ವಿಚಾರಣೆ, ಇಲ್ಲದುದನ್ನು ಒದಗಿಸಲು ತಮ್ಮ ಕೈಲಾದ ಕಾಣಿಕೆ. ಮುಂದಿನ ಪ್ರವಾಹ ಯಾವಾಗ ಬರುವುದೋ ಬಲ್ಲವರಿಲ್ಲ. ದೋಣಿಯ ಬಿರುಕನ್ನು ಮುಚ್ಚಲು ನೀರಿಳಿದಿರುವ ಈ ಹೊತ್ತೇ ತಕ್ಕ ಹೊತ್ತು.

ಶರಣು ಶರಣಾರ್ಥಿ.